ಗಸಗಸೆಗೂ ಬೇಕು ರಹದಾರಿ

ಬೆಳ್ಳಾವಿ, ಗುಬ್ಬಿ, ಕುಣಿಗಲ್ಲುಗಳಂತಹ ಊರುಗಳಿಂದ ಕಡಲಾಚೆಯ ಮಕ್ಕಳ ಮನೆಗೆ ಹೊರಡುವ ತಾಯಿತಂದೆಗಳ ಪೆಟ್ಟಿಗೆಯಲ್ಲಿ ಬಟ್ಟೆಬರೆಗೆ ದೊರೆಯುವ ಸ್ಥಳ ಕಡಮೆ. ಹುಳಿಪುಡಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಹುರಿಹಿಟ್ಟು, ಹಪ್ಪಳ, ಸಂಡಿಗೆಗಳು ಒಂದರ ಮೇಲೊಂದು ಕುಳಿತು ಸೀರೆ ಪಂಚೆಗಳನ್ನು ಮೂಲೆಗೆ ನೂಕುತ್ತವೆ. ಕೊನೆಯಲ್ಲಿ, ಮೊಮ್ಮಗನ ಹುಟ್ಟಿದ ಹಬ್ಬಕ್ಕೊಂದು ಪಾಯಸವಾಗಲೆಂದು ನಾಲ್ಕು ಕೊಬ್ಬರಿ ಬಟ್ಟಲು, ಒಂದು ಪೊಟ್ಟಣ ಗಸಗಸೆ. ಇಡೀ ಪೆಟ್ಟಿಗೆಯಲ್ಲಿ ಇವೆರಡಕ್ಕಿಂತ ಸಾಧುವಾದ ಪದಾರ್ಥ ಮತ್ತೊಂದಿಲ್ಲವೆಂದೇ ಅವರ ಭಾವನೆ. ವಿಚಿತ್ರವೆಂದರೆ, ಪ್ರಯಾಣಿಕರನ್ನು ಪೇಚಿಗೆ ಸಿಲುಕಿಸುವುದರಲ್ಲಿ ಮುಂದಾಗಿರುವುವೂ ಇವೇ!

ತಿಪಟೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಹೊರಟು ದೇಶವನ್ನೆಲ್ಲ ಸುತ್ತುವ ಕೊಬ್ಬರಿಗೆ ವಿಮಾನದ ಬಾಗಿಲು ಮುಚ್ಚಿದೆ. ಒಣಗಿದ ಕಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎಣ್ಣೆಯೇ. ತೇವ ಸೇರಿ ರಾಶಿಯಾಗಿ ಬಿದ್ದಾಗ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುವ ಸಂಭವವುಂಟು. ಆದ್ದರಿಂದ ವಿಶ್ವಸಂಸ್ಥೆಯ ಅಪಾಯಕರ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೂ 1363 ಎಂಬ ಸಂಖ್ಯೆಯೊಂದು ಸಂದಿದೆ. ಪ್ರಯಾಣಿಕರ ಸಾಮಾನಿನಲ್ಲಿ ಅದನ್ನು ಕೊಂಡೊಯ್ಯಲು ಭಾರತದ ವಿಮಾನ ಸಂಸ್ಥೆಗಳು ಒಪ್ಪುವುದಿಲ್ಲ. ಕೊಬ್ಬರಿಯ ಕಥೆ ಹೀಗೆ ಬೆಂಗಳೂರಿನಲ್ಲಿಯೇ ಮುಗಿಯುವುದು ಒಂದು ಪುಣ್ಯ. ನಷ್ಟವಾಗುವುದು ಕೊಬ್ಬರಿ ಮಾತ್ರ.

ಗಸಗಸೆಯ ಸಂಗತಿ ಹಾಗಲ್ಲ. ಅದು ಅಫೀಮಿನ ಗಿಡದ ಬೀಜ. ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಅಫೀಮು. ಅದೇ ಕಾಯಿ ಒಣಗಿದ ಮೇಲೆ ಒಳಗಿನಿಂದ ಉದುರುವ ಬೀಜ ಗಸಗಸೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿ ಪಡೆದು ಈ ಗಿಡವನ್ನು ಬೆಳೆಯುತ್ತಾರೆ. ಬೀಜಕ್ಕೆ ಸ್ವತಃ ಅಮಲಿಲ್ಲವೆನ್ನಬಹುದು. ಆದರೆ ಕಾಯಿಯ ಹಾಲು ಸೋಕಿ, ಮಾರ್ಫಿನಿನ ಲೇಶ ಅದರ ಮೈಗೆ ಅಂಟಿರುವುದುಂಟು. ನಮ್ಮ ದಿನಸಿ ಅಂಗಡಿಯಲ್ಲಿ ಏಲಕ್ಕಿಯ ನೆರೆಯಲ್ಲಿ ಮರ್ಯಾದೆಯಿಂದ ಕುಳಿತಿರುವ ಈ ಬೀಜವನ್ನು ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ, ಸಿಂಗಪುರಗಳು ನಿಷಿದ್ಧ ವಸ್ತುಗಳ ಸಾಲಿನಲ್ಲಿರಿಸಿವೆ. ಅಲ್ಲಿಯ ಸುಂಕದ ಕಟ್ಟೆಯಲ್ಲಿ “ಪಾಯಸಕ್ಕೆಂದು ತಂದದ್ದು” ಎಂಬ ಉತ್ತರ ಸಾಲದು. ಸೆರೆವಾಸವೇ ಒದಗಿಬಂದರೂ ಬಂದೀತು. ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗುವವರು ನಡುವೆ ದುಬಾಯಿಯಲ್ಲಿ ವಿಮಾನ ಬದಲಿಸುವುದುಂಟಷ್ಟೆ. ಅವರಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಇದಕ್ಕಿಂತ ಕಠಿನವಾದುದು ದಾಕ್ಷಿಣ್ಯದ ಪ್ರಶ್ನೆ. ಚಿಕ್ಕ ಊರಿನಿಂದ ಒಬ್ಬರು ಹೊರಟರೆಂದರೆ ನಾಲ್ಕು ಮನೆಗಳ ಗಂಟುಗಳು ಬಂದು ಸೇರುತ್ತವೆ. “ಇದಿಷ್ಟು ನಮ್ಮ ಹುಡುಗನಿಗೂ ತಲುಪಿಸಿಬಿಡಿ, ಅಕ್ಕಾ” ಎಂದು ನೆರೆಮನೆಯಾಕೆ ಕೈಗಿತ್ತ ಪೊಟ್ಟಣವನ್ನು ಬಿಚ್ಚಿ ನೋಡಿದರೆ ಅಪನಂಬಿಕೆ, ಬೇಡವೆಂದರೆ ಒರಟುತನ. ಆದರೆ ಪರದೇಶದ ಕಾನೂನಿಗೆ ನೆರೆಹೊರೆಯ ನಂಟು ತಿಳಿಯದು. ಪೆಟ್ಟಿಗೆ ಯಾರದೋ, ಅದರೊಳಗಿನ ಪೊಟ್ಟಣದ ಹೊಣೆಯೂ ಅವರದೇ. ಕೊಟ್ಟವರ ಎದುರಿಗೇ, ಏನೇನಿದೆಯೆಂದು ನಗುನಗುತ್ತಲೇ ಕೇಳಿ, ಬಿಚ್ಚಿ ನೋಡಿ ಕಟ್ಟುವುದೇ ಲೇಸು. ಒಂದು ಗಳಿಗೆಯ ಸಂಕೋಚ ಮುಂದಿನ ಸಂಕಟವನ್ನು ತಪ್ಪಿಸುತ್ತದೆ.

ಕಡಲು ದಾಟುವವರಿಗೆ ಊಟದ ಕಾಟ ಹೊಸದೇನೂ ಅಲ್ಲ. ಬೋಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಿತ್ಯ ತರುವ ಕರ್ಮಗಳಲ್ಲಿ ಎಣಿಸಿತು. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧೀಜಿಯವರನ್ನು ಜಾತಿಯವರು ಬಹಿಷ್ಕರಿಸಿದರು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದ ಆ ತರುಣ ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿ ಅಲೆದಾಡಿ, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲೊಂದು ಸಸ್ಯಾಹಾರದ ಭೋಜನಾಲಯವನ್ನು ಕಂಡು ಹಿಗ್ಗಿದರು. 1891ರಲ್ಲಿ ಮರಳಿದಾಗ ನಾಸಿಕದಲ್ಲಿ ತೀರ್ಥಸ್ನಾನ, ರಾಜಕೋಟೆಯಲ್ಲಿ ಜಾತಿಬಾಂಧವರಿಗೆ ಔತಣ ನಡೆಯಬೇಕಾಯಿತು. ಹತ್ತು ವರ್ಷ ಕಳೆಯುವುದರೊಳಗೆ, 1898ರಲ್ಲಿ, ನಮ್ಮ ವಿಶ್ವೇಶ್ವರಯ್ಯನವರು ಜಪಾನನ್ನು ನೋಡಿಬಂದರು. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ — ಇಂತಹ ಪ್ರವಾಸಕಥನಗಳನ್ನು ಕನ್ನಡಿಗರು ಮನೆಯ ಜಗಲಿಯಲ್ಲಿ ಕುಳಿತು ಓದಿದರು; ಸಮುದ್ರಯಾನದ ಪಾಪ ಓದುಗರ ಕುತೂಹಲದಲ್ಲಿ ಕರಗಿಹೋಯಿತು. ಅಂದು ಪರೀಕ್ಷೆ ನಡೆಯುತ್ತಿದ್ದುದು ಮರಳಿ ಬಂದ ಮೇಲೆ, ತನ್ನವರ ಪಂಕ್ತಿಯಲ್ಲಿ. ಇಂದು ನಡೆಯುವುದು ಇಳಿದ ಕೂಡಲೇ, ಪರರ ಕಟ್ಟೆಯಲ್ಲಿ.

ಆ ಕಟ್ಟೆಯನ್ನು ದಾಟಿದವರಿಗೆ ಮುಂದಿನ ತೊಡಕು ಊಟದ ಮೇಜು. ಶಾಕಾಹಾರವೆಂಬ ಮಾತಿಗೆ ಎಲ್ಲ ಕಡೆಯೂ ಒಂದೇ ಅರ್ಥವಿಲ್ಲ. ಜಪಾನಿನ ತಿಳಿಸಾರಿನಲ್ಲಿ ತರಕಾರಿಯೊಂದೇ ತೇಲುತ್ತಿದ್ದರೂ, ಆ ಸಾರಿನ ಮೂಲ ಸಾಮಾನ್ಯವಾಗಿ ಒಣಮೀನಿನ ಹೆರೆಯನ್ನು ಕುದಿಸಿ ತೆಗೆದ ‘ದಾಶಿ’. ಥಾಯ್‌ಲೆಂಡ್, ವಿಯೆಟ್ನಾಮುಗಳಲ್ಲಿ ಉಪ್ಪಿನ ಬದಲು ಮೀನಿನ ರಸವನ್ನೇ ಹಾಕುವುದು ವಾಡಿಕೆ. ಬಣ್ಣಬಣ್ಣದ ಮೆತ್ತನೆಯ ಮಿಠಾಯಿಗಳಲ್ಲಿ ಅನೇಕವು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ನಿನಿಂದಾದವು. ಅಮೆರಿಕದಲ್ಲಿ ಹುರಿದ ಆಲೂಗಡ್ಡೆಗೂ ಗೋಮಾಂಸದ ಸ್ವಾದ ಸೇರಿಸಿರುವುದು ತಿಳಿದು, ಅಲ್ಲಿಯ ಹಿಂದೂ ಶಾಕಾಹಾರಿಗಳು 2001ರಲ್ಲಿ ಮೆಕ್‌ಡೊನಾಲ್ಡ್ಸ್ ಸಂಸ್ಥೆಯ ಮೇಲೆ ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಸಂಸ್ಥೆ ಕ್ಷಮೆ ಕೇಳಿ, 1 ಕೋಟಿ ಡಾಲರುಗಳನ್ನು ಹಿಂದೂ, ಶಾಕಾಹಾರಿ ಮತ್ತಿತರ ಸಂಘಗಳಿಗೆ ಕೊಡಲು ಒಪ್ಪಿತು. ಆದ್ದರಿಂದ “ಶಾಕಾಹಾರವೇ?” ಎಂದಷ್ಟೇ ಕೇಳಿದರೆ ಸಾಲದು, ಮೀನು, ಮೊಟ್ಟೆ, ಕೊಬ್ಬು, ಮಾಂಸದ ರಸಗಳನ್ನು ಒಂದೊಂದಾಗಿ ಹೆಸರಿಸಿ ಕೇಳಬೇಕು.

ಸುಂಕದ ಕಟ್ಟೆಯಲ್ಲಿ ಕೇಳುವವರು ಅವರು, ಹೇಳಬೇಕಾದವರು ಪ್ರಯಾಣಿಕರು. ಆಸ್ಟ್ರೇಲಿಯದಲ್ಲಿ ತಿಂಡಿ, ಬೀಜ, ಹಾಲಿನ ಪದಾರ್ಥಗಳನ್ನು ಚೀಟಿಯಲ್ಲಿ ಬರೆದು ತಿಳಿಸಬೇಕು. ತಿಳಿಸಿದ ಸಾಧಾರಣ ತಿಂಡಿತೀರ್ಥ ಕೈಬಿಟ್ಟರೂ ದಂಡವಿಲ್ಲ. ಮುಚ್ಚಿಟ್ಟದ್ದು ಸಿಕ್ಕಿದರೆ ಭಾರಿ ದಂಡ. ವೃದ್ಧೆಯೊಬ್ಬಳು ತಿಂಗಳುಗಟ್ಟಲೆ ಬಿಸಿಲಿನಲ್ಲಿ ಒಣಗಿಸಿದ ಸಂಡಿಗೆ ಅಧಿಕಾರಿಯ ಬುಟ್ಟಿ ಸೇರುವುದನ್ನು ನೋಡುವುದು ಕಷ್ಟವೇ. ಆದರೂ ಮಗನ ಮನೆಗೆ ತಾಯಿ ಬಂದು ಸೇರುವುದು ಸಂಡಿಗೆಗಿಂತ ದೊಡ್ಡದಲ್ಲವೇ?

ಹೊರಡುವ ಮುನ್ನ ಹೋಗುವ ದೇಶದ ನಿಯಮವನ್ನೂ, ನಡುವೆ ಇಳಿಯುವ ದೇಶದ ನಿಯಮವನ್ನೂ ಮಕ್ಕಳಿಂದ ಓದಿಸಿ ತಿಳಿದುಕೊಳ್ಳುವುದು ಕ್ಷೇಮ. ಗಸಗಸೆಯ ಡಬ್ಬ ಅಡುಗೆಮನೆಯಲ್ಲಿಯೇ ಉಳಿಯಲಿ. ಪಾಯಸವೇನಿದ್ದರೂ ಮರಳಿ ಬಂದವರ ಸ್ವಾಗತಕ್ಕೆ.