ಬದನೆಯ ಹೂವೂ ದುಂಬಿಯ ಝೇಂಕಾರವೂ

ಬದನೆಯ ಗಿಡಗಳು ಸೊಂಪಾಗಿ ಬೆಳೆದು ಮೈತುಂಬ ಹೂ ಬಿಟ್ಟರೂ ಕಾಯಿ ಸರಿಯಾಗಿ ಕಚ್ಚದೆ ಹೂಗಳು ಉದುರಿಹೋಗುವುದುಂಟು. ಆಗ ಬೀಜವನ್ನೋ ಗೊಬ್ಬರವನ್ನೋ ದೂರುವುದು ವಾಡಿಕೆ. ಹಲವರು ಇದು ಹುಳುವಿನ ಬಾಧೆಯೆಂದು ಭಾವಿಸಿ ಮತ್ತೊಂದು ಸಲ ಔಷಧಿ ಸಿಂಪಡಿಸುವರು. ಅತಿಯಾದ ಉಷ್ಣ, ನೀರಿನ ಕೊರತೆ, ಸಾರಜನಕದ ಹೆಚ್ಚಳ ಮುಂತಾದ ಕಾರಣಗಳಿರುವುದು ನಿಜ. ಆದರೆ ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ಕಾರಣವೂ ಉಂಟು. ಅದು ಬೆಳಗಿನ ಹೊತ್ತು ತೋಟದಲ್ಲಿ ಕೇಳಿಬರಬೇಕಾದ ಒಂದು ಬಗೆಯ ಶಬ್ದವು ಕೇಳದಿರುವುದು. ಬದನೆಯ ಹೂವಿಗೂ ಈ ಶಬ್ದಕ್ಕೂ ಇರುವ ಸಂಬಂಧವನ್ನು ಬೇಸಾಯಗಾರರೆಲ್ಲರೂ ತಿಳಿದಿರುವುದು ಅವಶ್ಯಕ.

ಹೂವಿನ ರಚನೆ

ಕುಂಬಳ, ಸೂರ್ಯಕಾಂತಿ ಮುಂತಾದವುಗಳಲ್ಲಿ ಪರಾಗಕೋಶಗಳು ಉದ್ದಕ್ಕೆ ಸೀಳಿ, ಪರಾಗವು ಹೊರಗೆ ತೆರೆದು ಬಿದ್ದಿರುತ್ತದೆ. ಯಾವ ನೊಣವಾಗಲಿ ಜೇನಾಗಲಿ ಬಂದು ಕುಳಿತರೆ ಅದರ ಮೈಗೆ ಅಂಟಿಕೊಳ್ಳುತ್ತದೆ. ಬದನೆಯಲ್ಲಿ ಹಾಗಲ್ಲ. ನೇರಳೆ ಬಣ್ಣದ ದಳಗಳ ನಡುವೆ ಶಲಾಕೆಯನ್ನು ಸುತ್ತುವರಿದು ನಿಂತಿರುವ ಹಳದಿ ಕೋಶಗಳಲ್ಲಿ ಪ್ರತಿಯೊಂದರ ತುದಿಯಲ್ಲಿಯೂ ಎರಡು ಸೂಕ್ಷ್ಮ ರಂಧ್ರಗಳು ಮಾತ್ರ ಇರುತ್ತವೆ. ಪರಾಗವೆಲ್ಲವೂ ಒಳಗೇ ಬಂಧಿತವಾಗಿರುತ್ತದೆ. ಟೊಮೇಟೊ ಹೂವಿನಲ್ಲಿ ಕೋಶಗಳು ಒಂದಕ್ಕೊಂದು ಕೂಡಿ ಗೋಪುರದಂತಾಗಿ, ಪರಾಗವು ಅದರ ತುದಿಯಿಂದ ಮಾತ್ರ ಹೊರಬರುತ್ತದೆ. ಆಲೂಗೆಡ್ಡೆ, ತಂಗಡಿ ಮುಂತಾದವುಗಳೂ ಇದೇ ವರ್ಗಕ್ಕೆ ಸೇರಿದವು. ಪ್ರಪಂಚದಲ್ಲಿ ಸುಮಾರು 20,000 ಜಾತಿಯ ಗಿಡಗಳು ಪರಾಗವನ್ನು ಹೀಗೆ ಮುಚ್ಚಿಟ್ಟುಕೊಂಡಿವೆಯೆಂದು ಸಸ್ಯಶಾಸ್ತ್ರಜ್ಞರು ಎಣಿಸಿದ್ದಾರೆ.

ಬದನೆಯ ಹೂವಿಗೆ ಅದರ ಸ್ವಂತ ಪರಾಗವೇ ಸಾಕು. ಆದರೆ ಆ ಪರಾಗವು ರಂಧ್ರವನ್ನು ದಾಟಿ ಶಲಾಕೆಯ ತುದಿಯನ್ನು ಮುಟ್ಟಬೇಕು. ಗಾಳಿಗೆ ಗಿಡ ಅಲುಗಾಡಿದಾಗ ಸ್ವಲ್ಪ ಪರಾಗ ಉದುರುವುದರಿಂದ, ದುಂಬಿಗಳಿಲ್ಲದ ಕಡೆಯೂ ಕೆಲವು ಕಾಯಿಗಳು ಕಚ್ಚುತ್ತವೆ. ಉಳಿದ ಪರಾಗವನ್ನು ಹೊರಡಿಸಲು ಗಾಳಿಯ ಬಲ ಸಾಲದು.

ಕಂಪನದ ಬಲ

ತಂಬೂರಿಯ ತಂತಿಯನ್ನು ಮೀಟಿದರೆ ಅದು ಅತ್ತಿತ್ತ ವೇಗವಾಗಿ ಅದುರುತ್ತದೆ. ಈ ಅದುರುವಿಕೆಗೆ ಕಂಪನವೆಂದು ಹೆಸರು. ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆ ಹೆಚ್ಚಿದಷ್ಟೂ ನಾದವು ಏರುತ್ತದೆ. ಅದುರುತ್ತಿರುವ ತಂತಿಯ ಮೇಲೆ ಕಾಗದದ ಚೂರೊಂದನ್ನು ಇಟ್ಟರೆ ಅದು ಹಾರಿ ಬೀಳುತ್ತದೆ. ನಾದವು ಕಿವಿಗೆ ಇಂಪಾದುದು ಮಾತ್ರವಲ್ಲ, ವಸ್ತುಗಳನ್ನು ಚಲಿಸುವ ಬಲವೂ ಅದಕ್ಕುಂಟೆಂದು ಇದರಿಂದ ತಿಳಿಯುತ್ತದೆ.

ಜರಡಿಯನ್ನು ಮೆಲ್ಲಗೆ ತೂಗಿದರೆ ಹಿಟ್ಟು ಇಳಿಯುವುದಿಲ್ಲ. ಚುರುಕಾಗಿ ಆಡಿಸಿದರೆ ಇಳಿಯುತ್ತದೆ. ಜರಡಿಯು ಸರಿಯುವ ದೂರ ಎರಡು ಸಲವೂ ಒಂದೇ ಆಗಿರಬಹುದು; ವ್ಯತ್ಯಾಸವಿರುವುದು ವೇಗದಲ್ಲಿ. ದೂರವು ಒಂದೇ ಆಗಿದ್ದು ಕಂಪನದ ಸಂಖ್ಯೆ ಎರಡರಷ್ಟಾದರೆ, ಕಣವನ್ನು ಕಿತ್ತೆಸೆಯುವ ಬಲವು ನಾಲ್ಕರಷ್ಟಾಗುತ್ತದೆ. ಸಂಖ್ಯೆ ಹತ್ತರಷ್ಟಾದರೆ ಬಲವು ನೂರರಷ್ಟಾಗುತ್ತದೆ. ಬದನೆಯ ಪರಾಗದ ಕಣವು ಮಿಲಿಮೀಟರಿನ ಮೂವತ್ತರಿಂದ ಐವತ್ತರಲ್ಲೊಂದು ಪಾಲಿನಷ್ಟು ಮಾತ್ರ ಇರುವುದರಿಂದ ತನ್ನ ಭಾರದಿಂದ ತಾನೇ ಬೀಳಲಾರದೆ ಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಕೋಶವು ನಡುವಿನಿಂದ ಅತ್ತಿತ್ತ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ದೂರ, ಸೆಕೆಂಡಿಗೆ 300 ಸಲ ಅದುರಿತೆಂದು ಇಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ, ಭೂಮಿಯ ಆಕರ್ಷಣೆಯ ಸುಮಾರು 36 ಮಡಿ ಬಲವು ಆ ಕಣದ ಮೇಲೆ ಬೀಳುತ್ತದೆ. ಅಷ್ಟೇ ದೂರವನ್ನು ಸೆಕೆಂಡಿಗೆ 3 ಸಲ ಮಾತ್ರ ಅದುರಿದರೆ ಬಲವು ಇದರ ಹತ್ತು ಸಾವಿರದಲ್ಲೊಂದು ಪಾಲಿಗಿಳಿಯುವುದು.

ದುಂಬಿಯು ಮಾಡುವ ಕೆಲಸ

ಹೂವಿಗೆ ಬೇಕಾದ ಈ ಕಂಪನವನ್ನು ಕೆಲವು ಜಾತಿಯ ಜೇನುಗಳೂ ದುಂಬಿಗಳೂ ಒದಗಿಸುತ್ತವೆ. ದುಂಬಿಯು ಹೂವನ್ನು ಕಾಲುಗಳಿಂದ ತಬ್ಬಿ, ಕೋಶಗಳನ್ನು ಬಾಯಿಂದ ಕಚ್ಚಿ ಹಿಡಿದು, ರೆಕ್ಕೆಗಳನ್ನು ಮಡಿಸಿಕೊಳ್ಳುತ್ತದೆ. ಬಳಿಕ ಹಾರಾಟಕ್ಕೆ ಬಳಸುವ ಎದೆಯ ಸ್ನಾಯುಗಳನ್ನೇ ಅದುರಿಸುತ್ತದೆ. ರೆಕ್ಕೆ ಬೀಸುವ ಹೊರೆ ಇಲ್ಲದಿರುವುದರಿಂದ ಈ ಕಂಪನವು ಹಾರಾಟದ ಕಂಪನಕ್ಕಿಂತ ಹೆಚ್ಚು ವೇಗವಾದದ್ದು. ಸಾಮಾನ್ಯವಾಗಿ ಸೆಕೆಂಡಿಗೆ 200ರಿಂದ 400ರವರೆಗೆ ಇರುತ್ತದೆ. ಹಾರುವಾಗ ತಗ್ಗಿನಲ್ಲಿದ್ದ ಧ್ವನಿಯು ಹೂವಿನ ಮೇಲೆ ಕುಳಿತೊಡನೆ ಏರಿ, ತುಂಡುತುಂಡಾಗಿ ಕೇಳುವುದನ್ನು ಯಾರಾದರೂ ಗುರುತಿಸಬಹುದು. ಅಮೆರಿಕದ ಬಕ್‌ಮನ್ ಮತ್ತು ಹರ್ಲಿ ಎಂಬ ವಿಜ್ಞಾನಿಗಳು 1978ರಲ್ಲಿ ಈ ಕ್ರಿಯೆಯನ್ನು ಗಣಿತದಿಂದ ವಿವರಿಸಿದರು. ಅದುರುವ ಗೋಡೆಗೆ ತಾಗಿದ ಕಣಗಳು ಚೆಂಡುಗಳಂತೆ ಪುಟಿಪುಟಿದು ರಂಧ್ರದಿಂದ ಹೊರಚಿಮ್ಮುತ್ತವೆ. ದುಂಬಿಯು ಇದನ್ನು ತನ್ನ ಮರಿಗಳ ಆಹಾರಕ್ಕೆಂದು ಸಂಗ್ರಹಿಸುವುದಾದರೂ, ಅಷ್ಟರಲ್ಲಿ ಒಂದು ಪಾಲು ಶಲಾಕೆಗೆ ಅಂಟಿ ಕಾಯಿ ಕಚ್ಚುತ್ತದೆ.

ಈ ಕೆಲಸವನ್ನು ಎಲ್ಲ ಜೇನುಗಳೂ ಮಾಡುವುದಿಲ್ಲವೆಂಬುದು ಮುಖ್ಯವಾದ ವಿಷಯ. ತುಡುವೆ, ಹೆಜ್ಜೇನು, ಕೋಲುಜೇನುಗಳು ಹೂವನ್ನು ಹೀಗೆ ಅದುರಿಸುವುದಿಲ್ಲ. ಆದಕಾರಣ ಬದನೆಯ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟಮಾತ್ರಕ್ಕೆ ಈ ಕೊರತೆ ತೀರದು. ಒಣಮರವನ್ನು ಕೊರೆದು ಗೂಡುಮಾಡುವ ಕರಿದುಂಬಿ, ಮಣ್ಣಿನ ಗೋಡೆಗಳಲ್ಲಿ ವಾಸಿಸುವ ನೀಲಿಪಟ್ಟೆಯ ಒಂಟಿಜೇನು, ಬದುಗಳ ನೆಲದಲ್ಲಿ ಬಿಲ ತೋಡುವ ಕೆಲವು ಸಣ್ಣ ಜೇನುಗಳು ನಮ್ಮ ಸೀಮೆಯಲ್ಲಿ ಈ ಉಪಕಾರವನ್ನು ಮಾಡುತ್ತವೆ.

ಯೂರೋಪಿನ ಗಾಜಿನ ಮನೆಗಳಲ್ಲಿ ಗಾಳಿಯೂ ದುಂಬಿಯೂ ಇಲ್ಲದ್ದರಿಂದ, ಟೊಮೇಟೊ ಬೆಳೆಗಾರರು ವಿದ್ಯುತ್ ಕಂಪಕವನ್ನು ಕೈಯಲ್ಲಿ ಹಿಡಿದು ಗೊಂಚಲುಗಳಿಗೆ ಮುಟ್ಟಿಸುತ್ತ ಕೂಲಿ ಕೊಟ್ಟು ಈ ಕೆಲಸ ಮಾಡಿಸಬೇಕಾಗಿತ್ತು. 1980ರ ದಶಕದ ಕೊನೆಯಲ್ಲಿ ಅಲ್ಲಿ ಬಂಬಲ್ ಎಂಬ ದುಂಬಿಯನ್ನು ಸಾಕಿ ಮಾರುವುದು ಪ್ರಾರಂಭವಾಯಿತು. ಅಲ್ಲಿ ಹಣ ಕೊಟ್ಟು ಪಡೆಯುವ ಸೇವೆಯು ನಮ್ಮ ಹೊಲಗಳಿಗೆ ಬಿಟ್ಟಿಯಾಗಿ ದೊರೆಯುತ್ತಿದೆ.

ಪರೀಕ್ಷಿಸುವ ಬಗೆ

ಪಾಠಶಾಲೆಯಲ್ಲಿರುವ 256 ಅಥವಾ 512 ಕಂಪನದ ಶ್ರುತಿಕವೆಯನ್ನು ತಂದು, ಬೆಳಿಗ್ಗೆ ಹೊಸದಾಗಿ ಅರಳಿದ ಹೂವಿನ ಕೆಳಗೆ ಕಪ್ಪು ಕಾಗದವನ್ನು ಹಿಡಿದು, ಕವೆಯನ್ನು ಬಡಿದು ಕೋಶಗಳಿಗೆ ಮುಟ್ಟಿಸಬೇಕು. ತಿಳಿಹಳದಿಯ ಪುಡಿ ಉದುರುವುದು ಕಣ್ಣಿಗೆ ಕಾಣುತ್ತದೆ. ವಿದ್ಯುತ್ತಿನ ಹಲ್ಲುಜ್ಜುವ ಬ್ರಷ್ಷಿನಿಂದಲೂ ಇದನ್ನು ನೋಡಬಹುದು. ಕೆಲವು ಹೂಗಳಿಗೆ ಗುರುತು ಕಟ್ಟಿ ಮೂರು ದಿನ ಹೀಗೆ ಮಾಡಿ, ಗುರುತಿಲ್ಲದ ಹೂಗಳೊಡನೆ ಕಾಯಿಗಳನ್ನು ಎಣಿಸಿ ಹೋಲಿಸತಕ್ಕದ್ದು. ಗುರುತಿನ ಹೂಗಳಲ್ಲಿ ಕಾಯಿ ಸ್ಪಷ್ಟವಾಗಿ ಹೆಚ್ಚಿದ್ದರೆ ತೋಟದಲ್ಲಿ ದುಂಬಿಗಳು ಸಾಲವೆಂದು ತಿಳಿಯಬೇಕು. ಬದನೆಯಲ್ಲಿ ಶಲಾಕೆ ಗಿಡ್ಡದಾಗಿ ಕೋಶಗಳ ನಡುವೆಯೇ ಹುದುಗಿರುವ ಹೂಗಳೂ ಇರುತ್ತವೆ; ಅವು ಹೇಗೂ ಕಾಯಾಗವು. ಪರೀಕ್ಷೆಗೆ ಶಲಾಕೆ ಹೊರಚಾಚಿರುವ ಹೂಗಳನ್ನೇ ಆರಿಸಬೇಕು.

ಅನುಸರಿಸತಕ್ಕ ಕ್ರಮಗಳು

1. ಕುಡಿ ಮತ್ತು ಕಾಯಿ ಕೊರೆಯುವ ಹುಳುವಿಗೆ ಮೊದಲು ಬಾಡಿದ ಕುಡಿಗಳನ್ನು ಚಿವುಟಿ ನಾಶಮಾಡುವುದು, ಮೋಹಕ ಬಲೆಗಳನ್ನು ಇಡುವುದು ಮುಂತಾದ ಉಪಾಯಗಳನ್ನು ಮಾಡಬೇಕು. ಔಷಧಿಯು ಅನಿವಾರ್ಯವಾದರೆ ದುಂಬಿಗಳು ಗೂಡು ಸೇರಿದ ಮೇಲೆ, ಸಂಜೆ ಸಿಂಪಡಿಸತಕ್ಕದ್ದು. ಕೊಲ್ಲದಷ್ಟು ಅಲ್ಪ ವಿಷವೂ ಹಾನಿಕರ: ಥಯಾಮೆಥಾಕ್ಸಾಮ್ ಸೇವಿಸಿದ ಬಂಬಲ್ ದುಂಬಿಗಳು ಅಭ್ಯಾಸದಿಂದ ಹೆಚ್ಚಬೇಕಾದಷ್ಟು ಪರಾಗವನ್ನು ಉದುರಿಸಲಾರದೆ ಹೋದುವೆಂದು 2017ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದಿದೆ.

2. ಬದನೆ, ಟೊಮೇಟೊ ಹೂಗಳಲ್ಲಿ ಮಕರಂದವಿಲ್ಲ. ದುಂಬಿಗಳು ನೆಲೆನಿಲ್ಲಬೇಕಾದರೆ ಬದುಗಳ ಮೇಲೆ ತುಳಸಿ, ತೊಗರಿ ಮುಂತಾದವು ಇರಬೇಕು.

3. ಕರಿದುಂಬಿಯು ತೊಲೆಗಳನ್ನು ಕೊರೆಯುವುದೆಂದು ಅದನ್ನು ಕೊಲ್ಲುವುದು ಸರಿಯಲ್ಲ. ತೊಲೆಗಳಿಗೆ ಬಣ್ಣ ಬಳಿದು, ತೋಟದ ಅಂಚಿನಲ್ಲಿ ಒಣಬಿದಿರು ಮತ್ತು ಒಣಕೊಂಬೆಗಳನ್ನು ನಿಲ್ಲಿಸಿದರೆ ಅದು ಅಲ್ಲಿ ಗೂಡುಮಾಡುವುದು.

4. ಹಳೆಯ ಮಣ್ಣಿನ ಗೋಡೆಗಳನ್ನೂ ಅಗೆಯದ ಬದುಗಳನ್ನೂ ಅಲ್ಲಲ್ಲಿ ಉಳಿಸತಕ್ಕದ್ದು.

ಕೊನೆಯ ಎರಡು ಕ್ರಮಗಳು ಒಬ್ಬ ರೈತನಿಂದ ಪೂರೈಸುವಂಥವಲ್ಲ. ದುಂಬಿಗೆ ಸರ್ವೆಕಲ್ಲಿನ ಎಲ್ಲೆಯಿಲ್ಲ. ಒಬ್ಬನು ಬದುವನ್ನು ಉಳಿಸಿ ನೆರೆಯವನು ಬೆಳಗಿನಲ್ಲಿ ವಿಷ ಸಿಂಪಡಿಸಿದರೆ ಫಲವಿಲ್ಲ. ಆದುದರಿಂದ ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಊರಿನವರನ್ನು ಸೇರಿಸಿ, ತರಕಾರಿ ತೋಟಗಳಲ್ಲಿ ಸಂಜೆಯ ಹೊತ್ತು ಮಾತ್ರ ಸಿಂಪಡಿಸುವಂತೆ ಕಟ್ಟುಮಾಡಿಕೊಳ್ಳುವುದು ಮೇಲು. ಬೆಳಗಿನಲ್ಲಿ ತೋಟಕ್ಕೆ ಹೋದಾಗ ಅರೆಗಳಿಗೆ ಸುಮ್ಮನೆ ನಿಂತು ಕಿವಿಗೊಡುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು. ಝೇಂಕಾರವು ಕೇಳಿಬಂದರೆ ಬೆಳೆಗೆ ಆಳು ಬಂದಿದೆಯೆಂದು ತಿಳಿಯಬಹುದು. ಕೇಳದಿದ್ದರೆ, ಗೊಬ್ಬರದ ಚೀಲವನ್ನೂ ಸಿಂಪಡಿಸುವ ಯಂತ್ರವನ್ನೂ ಎತ್ತುವ ಮೊದಲು ಅದಕ್ಕೆ ಕಾರಣವನ್ನು ವಿಚಾರಿಸತಕ್ಕದ್ದು.