ಗ್ರಂಧಿಗೆ ಅಂಗಡಿಯಲ್ಲಿ ಉಳಿದ ಎಬ್ರು

ಇಸ್ತಾಂಬುಲ್‌ನ ಏಷ್ಯಾ ದಡದಲ್ಲಿ ಉಸ್ಕುದಾರ್ ಎಂಬ ಹಳೆಯ ಪೇಟೆಯಿದೆ. ಅಲ್ಲಿ ಮುಸ್ತಫಾ ದುಜ್ಗುನ್‌ಮನ್ (1920–1990) ಅವರಿಗೆ ಅಪ್ಪನಿಂದ ಬಂದ ಗ್ರಂಧಿಗೆ ಅಂಗಡಿ ಇತ್ತು. ಬೇರು, ತೊಗಟೆ, ಮಸಾಲೆ ತೂಗಿ ಪೊಟ್ಟಣ ಕಟ್ಟುವುದು ಹೊಟ್ಟೆಪಾಡು. ಗೋಂದಿನ ನೀರಿನ ಮೇಲೆ ಬಣ್ಣ ಚಿಮುಕಿಸಿ ಅದನ್ನು ಕಾಗದಕ್ಕೆ ಇಳಿಸಿಕೊಳ್ಳುವುದು ಗೀಳು. ಈ ಕಾಗದದ ಕಲೆಗೆ ಎಬ್ರು ಎಂದು ಹೆಸರು. ಇವತ್ತು ತುರ್ಕಿಯಲ್ಲಿ ಇದನ್ನು ಶಾಸ್ತ್ರೋಕ್ತವಾಗಿ ಕಲಿತವರಲ್ಲಿ ಬಹಳ ಮಂದಿಯ ಗುರುಪರಂಪರೆ ಸುತ್ತಿ ಬಳಸಿ ಆ ಅಂಗಡಿಯ ಮಾಲೀಕರ ಬಳಿಗೇ ಬಂದು ಮುಟ್ಟುತ್ತದೆ.

ತುರ್ಕಿಯ ಕಲೆ ಎಂದೊಡನೆ ಸಿನಾನ್ ಕಟ್ಟಿದ ಸುಲೇಮಾನಿಯೆ ಮಸೀದಿ, ಇಜ್ನಿಕ್ ಊರಿನ ನೀಲಿ-ಕೆಂಪು ಬಿಲ್ಲೆಗಳು ನೆನಪಾಗುತ್ತವೆ. ಆಗಬೇಕಾದ್ದೇ. ಆದರೆ ಅವೆಲ್ಲ ಸುಲ್ತಾನರ ಖಜಾನೆ ನೆಚ್ಚಿಕೊಂಡ ಕಲೆಗಳು. 17ನೇ ಶತಮಾನದಲ್ಲಿ ಅರಮನೆಯಿಂದ ಬರುವ ಬೇಡಿಕೆ ಇಳಿದಂತೆ ಇಜ್ನಿಕ್‌ನ ಗೂಡುಗಳೂ ಒಂದೊಂದಾಗಿ ಆರಿದವು. ಎಬ್ರುವಿಗೆ ಆ ಗತಿ ಬರಲಿಲ್ಲ. ಅದರ ಜಾಗ ಇದ್ದದ್ದೇ ಪುಸ್ತಕದ ರಟ್ಟಿನ ಒಳಬದಿಯಲ್ಲಿ, ಸುಂದರ ಲಿಪಿ ಬರೆದ ಹಾಳೆಯ ಅಂಚಿನಲ್ಲಿ. ಒಂದು ತೊಟ್ಟಿ, ನಾಲ್ಕು ಬಣ್ಣ, ಒಂದಿಷ್ಟು ಕಾಗದ ಇದ್ದರೆ ಮನೆಯ ಮೂಲೆಯಲ್ಲೇ ನಡೆಯುವ ಕೆಲಸ. ದೊಡ್ಡವರ ಆಶ್ರಯ ಹೆಚ್ಚಾಗಿ ಸಿಗದಿದ್ದದ್ದೇ ಇದಕ್ಕೆ ಒಳ್ಳೆಯದಾಯಿತು ಎಂದು ನನಗನ್ನಿಸುತ್ತದೆ.

ನೋಡುವವರಿಗೆ ಇದು ಐದು ನಿಮಿಷದ ಮಾಯಾಜಾಲ. ನಿಜವಾದ ಕೆಲಸ ಮುಗಿಯುವುದು ಅದಕ್ಕೂ ಮೊದಲೇ. ಅನಾತೋಲಿಯದ ಒಣನೆಲದಲ್ಲಿ ಬೆಳೆಯುವ ಒಂದು ಜಾತಿಯ ಮುಳ್ಳುಗಿಡದ ಗೋಂದನ್ನು ಎಬ್ರುಗಾರರು ಕಿತ್ರೆ ಎನ್ನುತ್ತಾರೆ. ಅದನ್ನು ನೀರಲ್ಲಿ ನೆನೆಹಾಕಿ, ಆಗಾಗ ಕದಡಿ, ಬಟ್ಟೆಯಲ್ಲಿ ಸೋಸಿ, ತೆಳು ಮಜ್ಜಿಗೆಯ ಹದಕ್ಕೆ ತಂದು ಆಳವಿಲ್ಲದ ತೊಟ್ಟಿಗೆ ಸುರಿಯುತ್ತಾರೆ. ಬಣ್ಣಗಳು ಮಣ್ಣಿನವು, ಖನಿಜದವು: ಕೆಮ್ಮಣ್ಣು, ಕಾಡಿಗೆಯ ಮಸಿ, ಹಳದಿಗೆ ಅರದಾಳ (ಪಾಷಾಣ ಇರುವ ವಸ್ತು, ಹಾಗಾಗಿ ಇದನ್ನು ಮುಟ್ಟುವ ಕೈಗೆ ಎಚ್ಚರ ಬೇಕು), ನೀಲಿಗೆ ‘ಲಾಹೋರ್ ನೀಲಿ’ ಎಂದು ಅಲ್ಲಿ ಈಗಲೂ ಕರೆಸಿಕೊಳ್ಳುವ ನಮ್ಮ ಕಡೆಯ ನೀಲಿ. ಇವನ್ನು ಅಮೃತಶಿಲೆಯ ಹಾಸಿನ ಮೇಲೆ ಕಲ್ಲಿನ ಗುಂಡಿನಿಂದ ಗಂಟೆಗಟ್ಟಲೆ ಅರೆಯಬೇಕು. ನುಣ್ಣಗಾಗದಿದ್ದರೆ ಬಣ್ಣ ಕಾಗದಕ್ಕೆ ಹಿಡಿಯದೆ ಉದುರುತ್ತದೆ.

ಆಮೇಲಿನದು ದನದ ಪಿತ್ತರಸ. ಇಡೀ ಕಲೆಯ ಗುಟ್ಟು ಅಲ್ಲೇ ಇರುವುದು. ಪಿತ್ತ ಸೇರದ ಬಣ್ಣದ ಹನಿ ಗೋಂದಿನ ಮೇಲೆ ಬಿದ್ದರೆ ಸೀದಾ ತಳಕ್ಕೆ ಇಳಿದುಬಿಡುತ್ತದೆ. ಕೆಲವು ತೊಟ್ಟು ಪಿತ್ತ ಬೆರೆಸಿದರೆ ಅದೇ ಹನಿ ಮೇಲೆ ನಿಂತು ದುಂಡಗೆ ಹರಡುತ್ತದೆ, ಪಕ್ಕದ ಬಣ್ಣದೊಂದಿಗೆ ಬೆರೆಯದೆ ತನ್ನ ಗಡಿ ಕಾಯ್ದುಕೊಳ್ಳುತ್ತದೆ. ಎರಡನೆಯ ಬಣ್ಣಕ್ಕೆ ಮೊದಲನೆಯದಕ್ಕಿಂತ ಒಂದು ತೊಟ್ಟು ಹೆಚ್ಚು ಬೇಕು, ಮೂರನೆಯದಕ್ಕೆ ಇನ್ನೂ ಹೆಚ್ಚು. ಇಲ್ಲದಿದ್ದರೆ ಮುಂಚೆ ಬಂದು ಕೂತವರನ್ನು ಸರಿಸಿ ಜಾಗ ಮಾಡಿಕೊಳ್ಳುವ ಬಲ ಅದಕ್ಕಿರುವುದಿಲ್ಲ. ಪಿತ್ತದ ಸತ್ವವೋ ಪ್ರತಿಸಲ ಒಂದೇ ಸಮ ಇರುವುದಿಲ್ಲ. ಸೆಕೆ, ಥಂಡಿ, ಗಾಳಿಯ ತೇವ, ಧೂಳು ಎಲ್ಲವೂ ಹದ ಕೆಡಿಸುತ್ತವೆ. ನೆನ್ನೆಯ ಅಳತೆಯನ್ನು ಬರೆದಿಟ್ಟುಕೊಂಡು ಇವತ್ತು ಅದರಂತೆಯೇ ಮಾಡಿದರೆ ಆಗದು. ತೊಟ್ಟಿಯಲ್ಲಿ ಒಂದು ಹನಿ ಬಿಟ್ಟು ನೋಡಿಯೇ ಹೇಳಬೇಕು.

ಕುಂಚವನ್ನೂ ತಾವೇ ಕಟ್ಟಿಕೊಳ್ಳುತ್ತಾರೆ. ಒಣಗಿದ ಗುಲಾಬಿ ಕಡ್ಡಿಯ ಸುತ್ತ ಕುದುರೆ ಬಾಲದ ಕೂದಲನ್ನು ಸಡಿಲವಾಗಿ ಬಿಗಿದದ್ದು. ಗುಲಾಬಿಯ ಕಡ್ಡಿ ಸದಾ ಒದ್ದೆಯಿದ್ದರೂ ಬೂಸ್ಟು ಹಿಡಿಯುವುದಿಲ್ಲವಂತೆ. ಕುಂಚವನ್ನು ಎಡಗೈ ಬೆರಳಿಗೆ ತಟ್ಟಿದರೆ ಹನಿಗಳು ತೊಟ್ಟಿಯ ತುಂಬ ಚೆಲ್ಲಿಕೊಳ್ಳುತ್ತವೆ. ಅಷ್ಟಕ್ಕೇ ನಿಲ್ಲಿಸಿದರೆ ಅದು ‘ಬತ್ತಾಲ್’, ಎಲ್ಲಕ್ಕೂ ಮೂಲವಾದ ವಿನ್ಯಾಸ. ಕಡ್ಡಿಯನ್ನು ಅತ್ತಿಂದಿತ್ತ ಎಳೆದರೆ ಒಂದು ಬಗೆ, ಹಣಿಗೆ ಆಡಿಸಿದರೆ ಇನ್ನೊಂದು, ಸುರುಳಿ ಸುತ್ತಿಸಿದರೆ ‘ಬುಲ್‌ಬುಲ್ ಗೂಡು’. ಕೊನೆಗೆ ಕಾಗದವನ್ನು ಒಂದು ಅಂಚಿನಿಂದ ಮೆಲ್ಲಗೆ ಮೇಲೆ ಮಲಗಿಸಬೇಕು. ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಆ ಜಾಗ ಬೆಳ್ಳಗೆ ಉಳಿಯುತ್ತದೆ. ತೊಟ್ಟಿಯ ಅಂಚಿಗೆ ಒರೆಸಿಕೊಂಡು ಎಳೆದರೆ ಹೆಚ್ಚಾದ ಗೋಂದು ಅಲ್ಲೇ ಜಾರಿ ಉಳಿದು, ಚಿತ್ರ ಮಾತ್ರ ಈಚೆಗೆ ಬರುತ್ತದೆ. ಅದರ ಎರಡನೇ ಪ್ರತಿ ತೆಗೆಯಲು ಬ್ರಹ್ಮನಿಂದಲೂ ಆಗದು.

18ನೇ ಶತಮಾನದಲ್ಲಿ ಅಯಾ ಸೋಫಿಯಾದಲ್ಲಿ ಪ್ರವಚನಕಾರರಾಗಿದ್ದ ಹತೀಪ್ ಮೆಹ್ಮದ್ ಎಫೆಂದಿ, ಹನಿಯೊಳಗೆ ಹನಿ ಬಿಟ್ಟು ಸೂಜಿಯಿಂದ ಎಳೆದು ಹೃದಯ, ನಕ್ಷತ್ರ, ಗಿರಿಗಿಟ್ಲೆಯ ಆಕಾರ ತಂದರು. ಆ ಬಗೆಗೆ ಇವತ್ತಿಗೂ ಅವರದೇ ಹೆಸರು. 1773ರಲ್ಲಿ ಮನೆಗೆ ಬೆಂಕಿ ಬಿದ್ದಾಗ ತಮ್ಮ ಎಬ್ರುಗಳನ್ನು ಉಳಿಸಿಕೊಳ್ಳಲು ಹೋಗಿ ಸತ್ತರೆಂದು ಹೇಳುತ್ತಾರೆ.

ಉಸ್ಕುದಾರಿನ ಪರಂಪರೆ ಆರಂಭವಾಗುವುದು ಒಂದು ಸೂಫಿ ಮಠದಿಂದ. ಮಧ್ಯ ಏಷ್ಯಾದಿಂದ ಮೆಕ್ಕಾಕ್ಕೆ ಹೊರಟ ಯಾತ್ರಿಕರು ತಂಗುತ್ತಿದ್ದ ಉಜ್ಬೆಕರ ಮಠ ಅದು. ಅಲ್ಲಿಯ ಶೇಖ್ ಎದ್ಹೆಮ್ ಎಫೆಂದಿ (1829–1904) ಬಡಗಿ ಕೆಲಸದಿಂದ ಮುದ್ರಣದವರೆಗೆ ಕೈಹಾಕದ ಕಸುಬಿಲ್ಲ. ಎಬ್ರುವನ್ನು ಅವರಿಗೆ ಕಲಿಸಿದವರು ತಂದೆ. ತಂದೆ ಕಲಿತದ್ದು ಬುಖಾರಾದಲ್ಲಿ ಎಂಬುದು ಮನೆತನದ ಮಾತು. ಈ ಶೇಖರ ಮರಿಮಗನೇ ಅಮೆರಿಕದಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿ ರೇ ಚಾರ್ಲ್ಸ್ ಹಾಡುಗಳನ್ನು ಲೋಕಕ್ಕೆ ಮುಟ್ಟಿಸಿದ ಅಹ್ಮೆತ್ ಎರ್ತೆಗುನ್. 2006ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಆ ಮಠದ ಅಂಗಳದಲ್ಲೇ ಇದೆ.

ಎದ್ಹೆಮ್‌ರಿಂದ ವಿದ್ಯೆ ಪಡೆದವರು ನೆಜ್ಮೆದ್ದಿನ್ ಒಕ್ಯಾಯ್ (1883–1976). ಮಸೀದಿಯ ಇಮಾಮರು, ಲಿಪಿಕಾರರು, ಪುಸ್ತಕ ಕಟ್ಟುವವರು, ಬಿಲ್ಲುಗಾರರು, ಮೇಲೆ ಗುಲಾಬಿ ತೋಟದ ಹುಚ್ಚು ಬೇರೆ. ತೊಟ್ಟಿಯ ಮೇಲೆ ಟುಲಿಪ್, ಕಾರ್ನೇಷನ್ ಹೂಗಳು ಗುರುತು ಹಿಡಿಯುವಂತೆ ಅರಳಿದ್ದು ಅವರ ಕೈಯಲ್ಲೇ. ಆದರೆ ಅವರ ಕಾಲದಲ್ಲೇ ಎರಡು ಹೊಡೆತ ಬಿದ್ದವು. 1925ರಲ್ಲಿ ಹೊಸ ಗಣರಾಜ್ಯ ಸೂಫಿ ಮಠಗಳನ್ನು ಕಾನೂನಿನಿಂದ ಮುಚ್ಚಿಸಿತು. 1928ರಲ್ಲಿ ಲಿಪಿಯೇ ಲ್ಯಾಟಿನ್‌ಗೆ ಬದಲಾಯಿತು. ಅರಬ್ಬಿ ಅಕ್ಷರದ ಕೈಬರಹವೇ ಬೇಡವಾದ ಮೇಲೆ ಅದರ ಅಂಚಿಗೆ ಹಚ್ಚುವ ಕಾಗದವನ್ನು ಕೇಳುವವರು ಯಾರು? ಇಂಥ ಹೊತ್ತಿನಲ್ಲಿ ಒಕ್ಯಾಯ್ ತಮಗೆ ತಿಳಿದದ್ದನ್ನೆಲ್ಲ ನೆಂಟರ ಹುಡುಗನಾದ ದುಜ್ಗುನ್‌ಮನ್‌ಗೆ ಧಾರೆಯೆರೆದರು. ಅಂಗಡಿಯ ವರಮಾನ ಇದ್ದುದರಿಂದ ಆತ ಎಬ್ರು ಮಾರಿಯೇ ಬದುಕಬೇಕೆಂಬ ಒತ್ತಡ ಇರಲಿಲ್ಲ. ಹಳೆಯ ಪದ್ಧತಿಯಿಂದ ಕೂದಲೆಳೆಯಷ್ಟೂ ಸರಿಯದ ಕಟ್ಟುನಿಟ್ಟಿಗೆ ಇದೂ ಒಂದು ಕಾರಣ ಇದ್ದೀತು. ಗುರುಗಳ ಹೂಗಳ ಸಾಲಿಗೆ ಡೈಸಿ ಹೂವೊಂದನ್ನು ಸೇರಿಸಿದ್ದು ಅವರ ಪಾಲಿನ ಹೊಸತು.

ಯುರೋಪಿನ ಪ್ರವಾಸಿಗರು 16ನೇ ಶತಮಾನದ ಕೊನೆಗೇ ಈ ಕಾಗದವನ್ನು ಬೆರಗಿನಿಂದ ಊರಿಗೆ ಒಯ್ಯುತ್ತಿದ್ದರು. ನಮ್ಮ ವಿಜಯಪುರಕ್ಕೂ ಇದು ಅಪರಿಚಿತವಲ್ಲ. 17ನೇ ಶತಮಾನದ ಬಿಜಾಪುರದ ಚಿತ್ರಕಾರರು ಇದೇ ತಂತ್ರದಿಂದ ಪೂರ್ತಿ ಚಿತ್ರಗಳನ್ನೇ ಮಾಡಿದರು. ಬಣ್ಣ ಹತ್ತಬಾರದ ಜಾಗವನ್ನು ಮೊದಲೇ ಮುಚ್ಚಿ, ಕಾಗದವನ್ನು ತೊಟ್ಟಿಗೆ ಇಳಿಸಿ, ಆಮೇಲೆ ಗೆರೆ, ಬಂಗಾರದ ಬಣ್ಣ ಕೊಡುವುದು. ಎಲುಬು ಎದ್ದ ಬಡಕಲು ಕುದುರೆ, ಅದರ ಮೇಲೊಬ್ಬ ಬೈರಾಗಿ: ಈ ಬಗೆಯ ಬಿಜಾಪುರದ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಗೋಂದಿನಿಂದ ಅಕ್ಷರ ಬರೆದು ಅಷ್ಟನ್ನು ಬಿಳಿಯಾಗಿ ಉಳಿಸುವ ಒಕ್ಯಾಯ್ ಅವರ ‘ಬರಹದ ಎಬ್ರು’ ತುರ್ಕಿಯಲ್ಲಿ ಪ್ರಸಿದ್ಧ. ಮುಚ್ಚಿ ಉಳಿಸುವ ಆ ಜಾಣ್ಮೆ ಆದಿಲ್‌ಶಾಹಿಗಳ ಊರಿಗೆ ಸುಮಾರು ಮುನ್ನೂರು ವರ್ಷ ಮೊದಲೇ ಗೊತ್ತಿತ್ತು. ವಿದ್ಯೆ ಇಲ್ಲಿಗೆ ಬಂದದ್ದು ಇರಾನಿನ ದಾರಿಯಾಗಿಯೋ ಮಧ್ಯ ಏಷ್ಯಾದಿಂದಲೋ, ಪಂಡಿತರು ಚರ್ಚಿಸಿಕೊಳ್ಳಲಿ. ಬಿಜಾಪುರದಲ್ಲಿ ಅದನ್ನು ದಾಟಿಸಲು ಒಬ್ಬ ಗ್ರಂಧಿಗೆ ಅಂಗಡಿಯವನು ಸಿಗಲಿಲ್ಲ ಎಂಬುದೇ ನನ್ನ ಕೊರಗು.

2014ರಲ್ಲಿ ಯುನೆಸ್ಕೊ ಎಬ್ರುವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ವಿವರಣೆಯ ಪ್ರಕಾರ ಪ್ರಾಥಮಿಕ ಪಾಠ ಕೈಗೆ ಹತ್ತಲಿಕ್ಕೇ ಕಡಿಮೆಯೆಂದರೆ ಎರಡು ವರ್ಷ ಬೇಕು. ಇಸ್ತಾಂಬುಲ್‌ನಲ್ಲಿ ಪ್ರವಾಸಿಗರಿಗಾಗಿ ಗಂಟೆಯ ತರಗತಿಗಳೂ ಇವೆ: ಗೋಂದು, ಬಣ್ಣ, ಪಿತ್ತ ಎಲ್ಲವನ್ನೂ ಬೇರೆಯವರು ಹದ ಮಾಡಿಟ್ಟಿರುತ್ತಾರೆ, ನಾವು ಟುಲಿಪ್ ಎಳೆದು ಫೋಟೊ ತೆಗೆಸಿಕೊಂಡು ಬರುವುದು. ತಪ್ಪೇನಿಲ್ಲ, ಮಕ್ಕಳಿಗೆ ಖುಷಿಯಾಗುತ್ತದೆ. ಕೊಳ್ಳಲು ಹೋದವರು ಮಾತ್ರ ಹೂವಿನ ಹಾಳೆಗೆ ಮರುಳಾಗುವ ಮೊದಲು ಅದೇ ಕೈಯ ಬತ್ತಾಲ್ ತೋರಿಸಿ ಎಂದು ಕೇಳುವುದು ಒಳ್ಳೆಯದು. ಸೂಜಿಯೂ ಇಲ್ಲದ, ಹಣಿಗೆಯೂ ಇಲ್ಲದ ಆ ಹಾಳೆಯಲ್ಲಿ ಹನಿಗಳ ಅಂಚು ಚೂಪಾಗಿದೆಯೇ, ಬಣ್ಣಗಳು ಒಂದಕ್ಕೊಂದು ಜಾಗ ಬಿಟ್ಟು ಕೂತಿವೆಯೇ, ಬೆರಳಾಡಿಸಿದರೆ ಪುಡಿ ಹತ್ತುತ್ತದೆಯೇ ಎಂದು ನೋಡಿದರೆ ಅರೆದದ್ದೆಷ್ಟು, ಪಿತ್ತ ಬಿದ್ದದ್ದೆಷ್ಟು ಎಂಬುದು ತಿಳಿಯುತ್ತದೆ.