ಕಬ್ಬಿನ ಜಲ್ಲೆಯೊಳಗಿನ ಗಡಿ

ಮಂಡ್ಯದ ಕೋರ್ಟಿನಲ್ಲಿ ವಕೀಲಿಕೆ, ಊರಿನಲ್ಲಿ ಒಂದಿಷ್ಟು ಕಬ್ಬು. ನನ್ನ ಸಂಸಾರ ನಡೆಯುವುದು ಈ ಎರಡರಲ್ಲಿ. ಹಾಗಾಗಿ ‘ಕಬ್ಬಿನ ರೇಟು ಕಟ್ಟೋರು ಯಾರು ಸ್ವಾಮಿ, ಬೆಂಗಳೂರಿನೋರೋ ಡೆಲ್ಲಿಯೋರೋ?’ ಎಂಬ ಪ್ರಶ್ನೆ ಆಫೀಸಿನಲ್ಲೂ ಎದುರಾಗುತ್ತದೆ, ಗದ್ದೆ ಬದುವಿನ ಮೇಲೂ ಎದುರಾಗುತ್ತದೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ. ಓದಲು ಅಣ್ಣತಮ್ಮಂದಿರ ಪಾಲುಪತ್ರದ ಹಾಗೆ ಚೊಕ್ಕ. ಕಬ್ಬಿಗೆ ಮಾತ್ರ ಆ ಗೆರೆಗಳ ಹಂಗಿಲ್ಲ.

ಭೂಮಿ, ಬೇಸಾಯ, ಕಾಲುವೆ ರಾಜ್ಯದ ಬಾಬತ್ತು. ವಿ.ಸಿ. ನಾಲೆಯ ತೂಬು ಎತ್ತುವವರು ನಮ್ಮವರೇ. ಆದರೆ ಕನ್ನಂಬಾಡಿಯಲ್ಲಿ ನಿಂತ ನೀರು ಅಂತರರಾಜ್ಯ ನದಿಯದು. ಅದರ ನಿಯಂತ್ರಣಕ್ಕೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಲೆಕ್ಕ ನೋಡಿಕೊಳ್ಳಲು ಅದೇ ವರ್ಷ ಕೇಂದ್ರವು ಕಾವೇರಿ ಪ್ರಾಧಿಕಾರ ರಚಿಸಿತು.

ಲಾರಿ ಕಾರ್ಖಾನೆ ಮುಟ್ಟಿ ವೇಬ್ರಿಡ್ಜ್ ಹತ್ತಿತು ಅನ್ನಿ. ಅಲ್ಲೂ ಕಥೆಯಿದೆ. ತುರ್ತು ಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿಯು ಶಿಕ್ಷಣ, ಅರಣ್ಯಗಳ ಜೊತೆಗೆ ತೂಕ ಅಳತೆಯನ್ನೂ ರಾಜ್ಯ ಪಟ್ಟಿಯಿಂದ ಸಮವರ್ತಿಗೆ ಸಾಗಿಸಿತು. ಶಿಕ್ಷಣ ಹೋದದ್ದಕ್ಕೆ ಇಂದಿಗೂ ಭಾಷಣಗಳಾಗುತ್ತವೆ. ತಕ್ಕಡಿ ಹೋದದ್ದನ್ನು ಎತ್ತಿ ಆಡಿದ ರಾಜಕಾರಣಿಯನ್ನು ನಾನಂತೂ ಕಂಡಿಲ್ಲ.

ಇನ್ನು ರೇಟು. ಎಫ್‌ಆರ್‌ಪಿ ಎಂಬ ಕನಿಷ್ಠ ದರವನ್ನು ಗೊತ್ತುಮಾಡುವುದು ಕೇಂದ್ರ. 2025-26ಕ್ಕೆ ಕ್ವಿಂಟಲಿಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ. 10.25 ಇದ್ದರೆ. ‘ಡೆಲ್ಲಿ ಕಟ್ಟಿದ್ದೇ ರೇಟು, ನಮ್ಮ ಕೈಯಲ್ಲೇನಿದೆ?’ ಎಂದು ಬೆಂಗಳೂರು ಕೈ ಚೆಲ್ಲಿದರೆ ಅದು ಅರ್ಧ ಸತ್ಯ. ಅದಕ್ಕಿಂತ ಹೆಚ್ಚಿನ ಸಲಹಾ ದರವನ್ನು ರಾಜ್ಯಗಳು ಘೋಷಿಸಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ; ಉತ್ತರ ಪ್ರದೇಶ, ಪಂಜಾಬುಗಳು ಘೋಷಿಸುತ್ತ ಬಂದಿವೆ. ಉಳಿದರ್ಧವನ್ನೂ ಹೇಳಬೇಕಲ್ಲ: ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರಲ್ಲಿ ಕೆಜಿಗೆ 31 ರೂಪಾಯಿ ಮಾಡಿದ್ದು ಕೇಂದ್ರ, ರಫ್ತಿನ ಬಾಗಿಲು ತೆಗೆಯುವುದೂ ಮುಚ್ಚುವುದೂ ಅದೇ. ಸಕ್ಕರೆಯ ಬೆಲೆ ಒಬ್ಬರ ಕೈಯಲ್ಲಿ, ಕಬ್ಬಿನ ಬೆಲೆ ಏರಿಸುವ ಧೈರ್ಯ ಇನ್ನೊಬ್ಬರದು. ಇಬ್ಬರಿಗೂ ಬೆರಳು ತೋರಿಸಲು ಇದಕ್ಕಿಂತ ಅನುಕೂಲ ಬೇಕೆ?

ನಿಜವಾದ ಜಗ್ಗಾಟ ನಡೆದದ್ದು ಕಾಕಂಬಿಯಿಂದ ಇಳಿಸುವ ಸ್ಪಿರಿಟ್ ಮೇಲೆ. ಕುಡಿಯುವ ಮದ್ಯ ಮಾತ್ರ ರಾಜ್ಯದ್ದು, ಕೈಗಾರಿಕಾ ಆಲ್ಕೋಹಾಲ್ ಕೇಂದ್ರದ್ದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತ್ತು. 2024ರ ಅಕ್ಟೋಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ, ಎರಡೂ ರಾಜ್ಯದ ವ್ಯಾಪ್ತಿಗೆ ಎಂದಿತು. ಎಂಟು ಜನ ಒಂದು ಕಡೆ. ಒಬ್ಬರೇ ಭಿನ್ನ ತೀರ್ಪು ಬರೆದವರು ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ. ರಾಜ್ಯಗಳಿಗೆ ಇಷ್ಟು ಹಟ ಯಾಕೆಂದರೆ, 2017ರಲ್ಲಿ ಜಿಎಸ್‌ಟಿ ಬಂದಮೇಲೆ ರಾಜ್ಯಗಳು ತಾವಾಗಿ ತೆರಿಗೆ ಏರಿಸಬಹುದಾದ ಬಾಬುಗಳು ಬೆರಳೆಣಿಕೆಯಷ್ಟು: ಮದ್ಯ, ಪೆಟ್ರೋಲು, ನೋಂದಣಿ, ವಾಹನ, ಹೀಗೆ. ಮದ್ಯವನ್ನು ಯಾವ ಹಣಕಾಸು ಮಂತ್ರಿಯೂ ಬಿಟ್ಟುಕೊಡಲಾರ.

ಬಾಕಿ ಹಣಕ್ಕೆ ಅಲೆಯುವ ಕಕ್ಷಿದಾರರಿಗೆ ನಾನು ಹೇಳುವುದಿಷ್ಟು: 1966ರ ಕಬ್ಬು ನಿಯಂತ್ರಣ ಆದೇಶ ಕೇಂದ್ರದ್ದು. ಅದರ ಪ್ರಕಾರ ಕಬ್ಬು ಹಾಕಿದ 14 ದಿನದೊಳಗೆ ದುಡ್ಡು ಬರಬೇಕು, ತಪ್ಪಿದರೆ ಶೇ. 15 ಬಡ್ಡಿ. ವಸೂಲಿ ಮಾತ್ರ ಭೂಕಂದಾಯದ ಬಾಕಿಯಂತೆ, ಜಿಲ್ಲಾಧಿಕಾರಿಗಳ ಮೂಲಕ. ಅರ್ಜಿ ಹಿಡಿದು ಡೆಲ್ಲಿಗೆ ಹೋಗಬೇಕಿಲ್ಲ, ಡಿ.ಸಿ. ಆಫೀಸಿಗೆ ಹೋಗಿ, ತೂಕದ ಚೀಟಿ ಜೊತೆಗಿರಲಿ.